ಸಣ್ಣ ಗಾಯ, ದೊಡ್ಡ ಲೆಕ್ಕ

ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬರುವಾಗ ಕಿಟಕಿಯಾಚೆಯ ಜಾಹೀರಾತು ಫಲಕಗಳನ್ನು ಓದುವುದು ನನ್ನ ಹಳೆಯ ಚಾಳಿ. ಒಂದು ಕಾಲಕ್ಕೆ ಅಲ್ಲಿ ಸೀರೆ, ಬಂಗಾರ, ಸಿಮೆಂಟುಗಳದೇ ಕಾರುಬಾರು. ಈಗ ಆ ಸಾಲಿಗೆ ಹೃದಯವೂ ಸೇರಿದೆ. ಎದೆ ಸೀಳದೆ ಕವಾಟದ ಶಸ್ತ್ರಚಿಕಿತ್ಸೆ, ಚಿಕ್ಕ ಗಾಯ, ಬೇಗ ಮನೆಗೆ ಎಂಬ ಭರವಸೆಗಳು ಮಧ್ಯಮ ವರ್ಗದ ಕಣ್ಣಿಗೆ ಹಿತವಾಗಿ ಕಾಣುತ್ತವೆ.

ಈ ಬೆಳವಣಿಗೆಯನ್ನು ಹಗುರವಾಗಿ ಕಾಣಬೇಕಿಲ್ಲ. ಕವಾಟ ಕೆಟ್ಟಿದೆ ಎಂದರೆ ನಾನೂರು ಕಿಲೋಮೀಟರ್ ದೂರದ ಬೆಂಗಳೂರಿನ ದಾರಿ ಹಿಡಿಯಬೇಕಾಗಿದ್ದ ದಿನಗಳನ್ನು ನನ್ನ ತಲೆಮಾರು ಕಂಡಿದೆ. ಇಂದು ಸತ್ತೂರಿನ ಎಸ್‌ಡಿಎಂ ನಾರಾಯಣ ಹೃದಯ ಕೇಂದ್ರದಲ್ಲಿ, ಬೆಳಗಾವಿಯ ಕೆಎಲ್‌ಇ ಆಸ್ಪತ್ರೆಯಲ್ಲಿ ತೆರೆದ ಹೃದಯದ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಆದರೆ ಫಲಕದ ಭಾಷೆಗೂ ವೈದ್ಯಶಾಸ್ತ್ರದ ಭಾಷೆಗೂ ನಡುವೆ ಇರುವ ಅಂತರವನ್ನು ಓದುಗರು ಅರಿತಿರಬೇಕು.

ಸಾಂಪ್ರದಾಯಿಕ ವಿಧಾನದಲ್ಲಿ ಎದೆಯ ನಡುಮೂಳೆಯನ್ನು ಉದ್ದಕ್ಕೆ ಕೊಯ್ದು ಹೃದಯವನ್ನು ತಲುಪುತ್ತಾರೆ. ಆ ಮೂಳೆ ಕೂಡಿಕೊಳ್ಳಲು ಆರರಿಂದ ಎಂಟು ವಾರ ಬೇಕು. ಅಲ್ಲಿಯತನಕ ಕೊಡ ಎತ್ತುವಂತಿಲ್ಲ, ಕುಡಗೋಲು ಹಿಡಿಯುವಂತಿಲ್ಲ. ಹೊಸ ವಿಧಾನದಲ್ಲಿ ಬಲ ಪಕ್ಕೆಲುಬುಗಳ ನಡುವೆ ಕೆಲವೇ ಸೆಂಟಿಮೀಟರ್ ಸೀಳಿ, ಉದ್ದನೆಯ ಉಪಕರಣಗಳಿಂದ ಕವಾಟವನ್ನು ದುರಸ್ತಿ ಮಾಡುತ್ತಾರೆ ಅಥವಾ ಬದಲಿಸುತ್ತಾರೆ. ಹೃದಯವನ್ನು ನಿಲ್ಲಿಸಿ ಯಂತ್ರದ ಮೂಲಕ ರಕ್ತ ಹರಿಸುವುದು ಇಲ್ಲಿಯೂ ತಪ್ಪಿದ್ದಲ್ಲ. ಅನೇಕ ವೇಳೆ ಆ ಅವಧಿ ಹೆಚ್ಚೇ ಆಗುತ್ತದೆ. ಬ್ರಿಟನ್ನಿನಲ್ಲಿ 330 ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಹೋಲಿಕೆಯ ಅಧ್ಯಯನವೊಂದು, ಹನ್ನೆರಡು ವಾರಗಳ ಹೊತ್ತಿಗೆ ಎರಡೂ ಗುಂಪುಗಳ ದೈಹಿಕ ಚೇತರಿಕೆಯಲ್ಲಿ ಗಣನೀಯ ವ್ಯತ್ಯಾಸವಿಲ್ಲವೆಂದು ಕಂಡುಕೊಂಡಿತು. ಸುರಕ್ಷತೆ ಸಮಸಮ, ಆಸ್ಪತ್ರೆಯ ವಾಸ ಒಂದು ದಿನದಷ್ಟು ಕಡಿಮೆ. ಅದೂ ನುರಿತ ಕೈಗಳಲ್ಲಿ, ವಯಸ್ಸಿನೊಂದಿಗೆ ಸವೆದ ಕವಾಟಗಳಲ್ಲಿ ಕಂಡ ಫಲ.

ನಮ್ಮ ಭಾಗದ ಕತೆಯೇ ಬೇರೆ. ಇಲ್ಲಿ ಯುವಜನರ ಕವಾಟ ಕೆಡಿಸುವ ಮುಖ್ಯ ಕಾರಣ ಬಾಲ್ಯದ ಗಂಟಲು ನೋವು. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನ ಸೋಂಕಿಗೆ ಸರಿಯಾದ ಔಷಧ ಸಿಗದಿದ್ದಾಗ ಕೆಲವು ಮಕ್ಕಳಲ್ಲಿ ರುಮ್ಯಾಟಿಕ್ ಜ್ವರ ಕಾಣಿಸಿಕೊಳ್ಳುತ್ತದೆ. ಕೀಲುಗಳು ಬಾತು ಇಳಿಯುತ್ತವೆ, ಮನೆಯವರು ಮರೆಯುತ್ತಾರೆ. ಹೃದಯ ಮರೆಯುವುದಿಲ್ಲ. ವರ್ಷಗಳು ಕಳೆದಂತೆ ಮೈಟ್ರಲ್ ಕವಾಟದ ಎಸಳುಗಳು ಒಂದಕ್ಕೊಂದು ಅಂಟಿ ಬಾಗಿಲು ಕಿರಿದಾಗುತ್ತದೆ. ಗರ್ಭಿಣಿಯಾದಾಗ ಮೈಯ ರಕ್ತದ ಪ್ರಮಾಣ ಏರಿ, ಆ ಕಿರಿದಾದ ಬಾಗಿಲಿನ ಗುಟ್ಟು ಮೊದಲ ಬಾರಿಗೆ ಹೊರಬೀಳುವುದು ಸಾಮಾನ್ಯ.

ನಮ್ಮ ಮನೆಗೆ ಹಾಲು ಕೊಡುತ್ತಿದ್ದ ಹಿರಿಯರ ಸೊಸೆಗೆ ಆದದ್ದು ಇದೇ. ಕಲಘಟಗಿ ಕಡೆಯ ಹಳ್ಳಿ. ಆರನೆಯ ತಿಂಗಳಲ್ಲಿ ನಾಲ್ಕು ಹೆಜ್ಜೆಗೆ ಏದುಸಿರು. ‘ಮೈಯಾಗ ರಕ್ತ ಕಡಿಮಿ ಐತಿ’ ಎಂದು ಕಬ್ಬಿಣದ ಗುಳಿಗೆ ನುಂಗಿಸಿದರು. ಹೆರಿಗೆ ಹೇಗೋ ಆಯಿತು. ಎಕೋ ಪರೀಕ್ಷೆ ಮಾಡಿಸುವ ಹೊತ್ತಿಗೆ ಕವಾಟ ಸುಣ್ಣಗಟ್ಟಿತ್ತು. ಒಂದು ಖಾಸಗಿ ಆಸ್ಪತ್ರೆಯಲ್ಲಿ, ಸಣ್ಣ ಗಾಯದ ಶಸ್ತ್ರಚಿಕಿತ್ಸೆ ಬೇಕಿದ್ದರೆ ಸರ್ಕಾರಿ ಯೋಜನೆಯ ಹಣದ ಮೇಲೆ ಇನ್ನಷ್ಟು ಹೊಂದಿಸಬೇಕೆಂದರಂತೆ. ‘ಗಾಯ ಎಷ್ಟರೆ ಇರಲಿ, ಅಕೀ ಉಳದರ ಸಾಕ್ರಿ’ ಎಂದು ಅವರು ನನ್ನೆದುರು ಅಂದರು. ಕೊನೆಗೆ ಬೇರೊಂದು ಕಡೆ ಎದೆ ಸೀಳಿಯೇ ಲೋಹದ ಕವಾಟ ಜೋಡಿಸಿದರು. ಆಕೆ ಉಳಿದಳು.

ಎರಡು ಮೂರು ವರ್ಷ ಮೊದಲೇ ಪತ್ತೆಯಾಗಿದ್ದರೆ ಬಹುಶಃ ಶಸ್ತ್ರಚಿಕಿತ್ಸೆಯೇ ಬೇಕಿರಲಿಲ್ಲ ಎಂಬುದು ನನ್ನನ್ನು ಕಾಡುವ ಸಂಗತಿ. ಜಪಾನಿನ ಡಾ. ಕಾಂಜಿ ಇನೊಯೆ 1980ರ ದಶಕದ ಆರಂಭದಲ್ಲಿಯೇ ಬಲೂನು ವಿಧಾನವನ್ನು ರೂಪಿಸಿದರು. ತೊಡೆಯ ಸಂದಿನ ರಕ್ತನಾಳದಿಂದ ತೂರಿಸಿದ ಬಲೂನನ್ನು ಕವಾಟದಲ್ಲಿ ಉಬ್ಬಿಸಿ, ಅಂಟಿದ ಎಸಳುಗಳನ್ನು ಬಿಡಿಸುವ ಕ್ರಮವಿದು. ಈ ಚಿಕಿತ್ಸೆಯಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯೂ ಅದನ್ನು ಬಹುಕಾಲ ಮುನ್ನಡೆಸಿದ ಡಾ. ಸಿ.ಎನ್. ಮಂಜುನಾಥ್ ಅವರೂ ದೊಡ್ಡ ಹೆಸರು ಮಾಡಿದ್ದಾರೆ. ಗಾಯ ಸಣ್ಣದಿರಬೇಕೆಂದರೆ ಇದಕ್ಕಿಂತ ಸಣ್ಣದು ಯಾವುದಿದೆ? ಆದರೆ ಕವಾಟ ಇನ್ನೂ ಮೆದುವಾಗಿರುವಾಗ ರೋಗಿ ಬರಬೇಕು. ಫ್ರಾನ್ಸಿನ ಡಾ. ಅಲೆನ್ ಕ್ರಿಬಿಯೆ 2002ರಲ್ಲಿ ಮೊದಲು ಮಾಡಿ ತೋರಿಸಿದ, ಕೊಳವೆಯ ಮೂಲಕವೇ ಹೊಸ ಕವಾಟ ಕೂರಿಸುವ ವಿಧಾನ ಮುಖ್ಯವಾಗಿ ವೃದ್ಧರ ಮಹಾಪಧಮನಿಯ ಕವಾಟಕ್ಕೆ ಸಂಬಂಧಿಸಿದ್ದು; ಫಲಕಗಳು ಈ ಭೇದವನ್ನು ಹೇಳುವುದಿಲ್ಲ.

ಸರ್ಕಾರ ಏನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಜಾರಿಯಾದದ್ದು ಉತ್ತರ ಕರ್ನಾಟಕದಲ್ಲಿಯೇ. ಯೋಜನೆ ತಲುಪಿದ ಮತ್ತು ತಲುಪದ ಜಿಲ್ಲೆಗಳ ಗಡಿಯಲ್ಲಿದ್ದ 572 ಹಳ್ಳಿಗಳನ್ನು ಹೋಲಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನ, ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಾದ ಸಾವು ಯೋಜನೆ ಇದ್ದ ಕಡೆ ಶೇ 0.32, ಇಲ್ಲದ ಕಡೆ ಶೇ 0.90 ಎಂದು ತೋರಿಸಿತು. ಆ ಕಾಯಿಲೆಗಳಲ್ಲಿ ಬಹುಪಾಲು ಹೃದಯದವು ಮತ್ತು ಕ್ಯಾನ್ಸರ್. 2018ರಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಂದಿತು. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ರಕ್ಷಣೆ.

ಆದರೆ ಲೋಹದ ಕವಾಟ ಜೋಡಿಸಿಕೊಂಡವರ ಪಾಡು ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ ಶುರುವಾಗುತ್ತದೆ. ಕವಾಟದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಜೀವಮಾನವಿಡೀ ಗುಳಿಗೆ ನುಂಗಬೇಕು. ಪ್ರಮಾಣ ಕಡಿಮೆಯಾದರೆ ಕವಾಟ ಜಾಮ್ ಆಗಬಹುದು, ಪಾರ್ಶ್ವವಾಯು ಬಡಿಯಬಹುದು, ಹೆಚ್ಚಾದರೆ ರಕ್ತಸ್ರಾವ. ಮತ್ತೆ ಗರ್ಭಿಣಿಯಾದರೆ ಅದೇ ಗುಳಿಗೆ ಮಗುವಿಗೆ ಅಪಾಯಕಾರಿ. ಹೀಗಾಗಿ ಐಎನ್‌ಆರ್ ಎಂಬ ರಕ್ತಪರೀಕ್ಷೆ ಪದೇ ಪದೇ ಆಗಬೇಕು. ಬೆರಳ ತುದಿಯ ಹನಿ ರಕ್ತದಿಂದ ಇದನ್ನು ಅಳೆಯುವ, ಅಂಗೈಯಲ್ಲಿ ಹಿಡಿಸುವ ಯಂತ್ರಗಳಿವೆ. ಸರ್ಕಾರ ಅವನ್ನು ಪ್ರತಿ ತಾಲ್ಲೂಕು ಆಸ್ಪತ್ರೆಗೂ ಕೊಟ್ಟು, ಫಲಿತಾಂಶ ನೋಡಿ ಗುಳಿಗೆಯ ಪ್ರಮಾಣ ಹೇಳುವ ಹೊಣೆಯನ್ನು ಹುಬ್ಬಳ್ಳಿಯ ಕಿಮ್ಸ್‌ನಂಥ ಸಂಸ್ಥೆಗೆ ದೂರವಾಣಿಯ ಮೂಲಕ ವಹಿಸಬಾರದೇಕೆ? 2013ರಿಂದ ನಡೆದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ರುಮ್ಯಾಟಿಕ್ ಹೃದ್ರೋಗವೂ ಇದೆ. ಶಾಲೆಯಲ್ಲಿ ಪತ್ತೆಯಾದ ಮಗುವಿಗೆ ಮೂರು ನಾಲ್ಕು ವಾರಕ್ಕೊಮ್ಮೆ, ವರ್ಷಗಟ್ಟಲೆ ಪೆನಿಸಿಲಿನ್ ಚುಚ್ಚುಮದ್ದು ಕೊಡಬೇಕು. ಅಲರ್ಜಿಯ ಭಯದಿಂದ ಅದನ್ನು ಕೊಡಲು ಹಿಂಜರಿಯುವ ವೈದ್ಯರಿಗೆ ತರಬೇತಿಯೂ ರಕ್ಷಣೆಯೂ ಬೇಕು. 2025ರ ಜೂನ್‌ನಲ್ಲಿ ಹಾಸನದ ಹಠಾತ್ ಸಾವುಗಳು ಸುದ್ದಿಯಾದಾಗ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದ ಜನ, ಹೃದಯಾಘಾತದ ಬಗೆಗಿನ ನಮ್ಮ ಆತಂಕವನ್ನು ತೋರಿದರು. ಸದ್ದಿಲ್ಲದೆ ಕಿರಿದಾಗುವ ಕವಾಟಕ್ಕೆ ಅಂಥ ಸಾಲಿಲ್ಲ.

ಆ ಸೊಸೆ ಈಗಲೂ ತಿಂಗಳಿಗೊಮ್ಮೆ ಮಗುವನ್ನು ಅತ್ತೆಯ ಬಳಿ ಬಿಟ್ಟು ಹುಬ್ಬಳ್ಳಿಗೆ ರಕ್ತ ಪರೀಕ್ಷೆಗೆ ಬರುತ್ತಾಳೆ. ಸುಗ್ಗಿಯಲ್ಲಿ ಎರಡು ತಿಂಗಳು ಬರಲಿಲ್ಲ. ಒಂದು ದಿನದ ಕೂಲಿ, ಬಸ್ಸಿನ ಹೊತ್ತು, ಪ್ರಯೋಗಾಲಯದ ಶುಲ್ಕ ಎಲ್ಲವನ್ನೂ ಲೆಕ್ಕ ಹಾಕಿ, ‘ಮೈ ಆರಾಮ ಐತಲ್ರಿ’ ಎಂದು ಆಕೆಯೇ ತೀರ್ಮಾನಿಸಿದ್ದಳು.