ಟ್ರ್ಯಾಕ್ಟರ್ ಹೋಯಿತು, ಹೆಸರು ಉಳಿಯಿತು



ತೊಗರಿ ರಾಶಿ ಮುಗಿದು ಮಾರ್ಚ್ ಹತ್ತಿರ ಬಂತೆಂದರೆ ನಮ್ಮ ಕಡೆ ಇನ್ನೊಂದು ಸುಗ್ಗಿ ಶುರುವಾಗುತ್ತದೆ. ಅದು ಹಳೇ ಟ್ರ್ಯಾಕ್ಟರ್ ಮಾರುವ ಸುಗ್ಗಿ. ಸೇಡಂ, ಚಿತ್ತಾಪುರ, ಚಿಂಚೋಳಿ ಯಾವ ಕಡೆ ಹೋದರೂ ಅದೇ ಕಥೆ. ಬ್ಯಾಂಕಿನ ಕಂತು ನಿಂತಿದೆ, ಅಡತಿ ಅಂಗಡಿಯ ಬಾಕಿ ಬೆಳೆದಿದೆ, ನೆಟೆರೋಗ ಹೊಕ್ಕ ಹೊಲದಲ್ಲಿ ಬೀಜದ ಖರ್ಚೂ ಹುಟ್ಟಿಲ್ಲ. ಸರ್ಕಾರವೇನೋ ತೊಗರಿಗೆ 2024-25ರಲ್ಲಿ ಕ್ವಿಂಟಲಿಗೆ 7,550, 2025-26ರ ಹಂಗಾಮಿಗೆ 8,000 ರೂಪಾಯಿ ಬೆಂಬಲ ಬೆಲೆ ಅಂತ ಸಾರಿತು. ಬೆಲೆ ಸಾರುವುದು ದಿಲ್ಲಿಯಲ್ಲಿ, ಚೀಲ ಬಿಚ್ಚುವುದು ಅಡತಿ ಕಟ್ಟೆಯ ಮೇಲೆ. ಎರಡರ ನಡುವಿನ ದೂರ ಎಷ್ಟು ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ. ಬೆಲೆಯ ಮಾತು ಈ ಪುಟಗಳಲ್ಲಿ ತಿಂಗಳು ತಿಂಗಳು ಇದ್ದೇ ಇದೆ. ಈ ಸಲ ಬೇರೆ ಒಂದು ಮಾತು. ಸಾಲ ತೀರಿಸಲೆಂದು ಮಾರಿದ ಟ್ರ್ಯಾಕ್ಟರ್ ಹೊಸ ಸಾಲವಾಗಿ ಮನೆಗೆ ತಿರುಗಿ ಬರುತ್ತದಲ್ಲ, ಅದರದು.

ನಮ್ಮವರು ಟ್ರ್ಯಾಕ್ಟರನ್ನು ಎತ್ತು ಮಾರಿದ ಹಾಗೆ ಮಾರುತ್ತಾರೆ. ಎತ್ತಿನ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ರೇಟು ಕುದುರಿತು, ರೊಕ್ಕ ಎಣಿಸಿದರು, ಹಗ್ಗ ಕೈಗೆ ಕೊಟ್ಟರು. ಅಲ್ಲಿಗೆ ಸಂಬಂಧ ತೀರಿತು. ನಾಳೆ ಆ ಎತ್ತು ಯಾರನ್ನೋ ಹಾಯ್ದರೆ ಹಳೇ ಯಜಮಾನನನ್ನು ಯಾರೂ ಕೇಳುವುದಿಲ್ಲ. ಟ್ರ್ಯಾಕ್ಟರಿನ ಲೆಕ್ಕ ಹಾಗಲ್ಲ. ಕೀಲಿಕೈ ಕೊಟ್ಟಿರಿ, ರೊಕ್ಕ ತಗೊಂಡಿರಿ, ನೂರು ರೂಪಾಯಿ ಬಾಂಡಿನ ಮೇಲೆ ಬರೆಸಿ ಇಬ್ಬರು ಸಾಕ್ಷಿದಾರರ ಸೈ ಹಾಕಿಸಿದಿರಿ. ಇಷ್ಟಾದರೂ ಕಾನೂನಿನ ಕಣ್ಣಿಗೆ ಮಾಲೀಕರು ನೀವೇ. 1988ರ ಮೋಟಾರು ವಾಹನ ಕಾಯ್ದೆ ಮಾಲೀಕ ಅನ್ನುವುದು ಆರ್.ಸಿ. ಬುಕ್ಕಿನಲ್ಲಿ ಯಾರ ಹೆಸರಿದೆಯೋ ಅವನನ್ನು. ಬಾಂಡ್ ಪೇಪರು ನಿಮ್ಮಿಬ್ಬರ ನಡುವಿನ ಮಾತಿಗೆ ಪುರಾವೆ ಆದೀತು. ಮೂರನೆಯವನು ಬಂದು ಪರಿಹಾರ ಕೇಳಿದಾಗ ಅದು ನಿಮ್ಮನ್ನು ಕಾಯುವುದಿಲ್ಲ.

ಇದೇನು ನಾವು ಕಟ್ಟಿದ ಮಾತಲ್ಲ. 2018ರ ಫೆಬ್ರವರಿ 6ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಇದೆ. ಒಂದು ಕಾರು ಒಬ್ಬರಿಂದ ಒಬ್ಬರಿಗೆ ನಾಲ್ಕು ಕೈ ದಾಟಿತ್ತು. ಯಾರೂ ಆರ್.ಸಿ.ಯಲ್ಲಿ ಹೆಸರು ಬದಲು ಮಾಡಿಸಿರಲಿಲ್ಲ, ಇನ್ಷೂರೆನ್ಸೂ ಇರಲಿಲ್ಲ. 2009ರಲ್ಲಿ ಅದು ಅಪಘಾತ ಮಾಡಿ ಒಂದು ಮಗು ಸತ್ತಿತು. ಮೊದಲ ಮಾಲೀಕ, ನಾನು ಮಾರಿ ಎಷ್ಟೋ ಕಾಲವಾಯಿತು ಸ್ವಾಮಿ, ಅಂದ. ಹೈಕೋರ್ಟು ಅವನ ಮಾತು ಒಪ್ಪಿತು, ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಮಗುವನ್ನು ಕಳಕೊಂಡವರು ಗಾಡಿ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಹುಡುಕಿಕೊಂಡು ಊರೂರು ಅಲೆಯಬೇಕೇ? ಪುಸ್ತಕದಲ್ಲಿ ಹೆಸರು ಯಾರದೋ ಅವನೇ ಕೊಡಲಿ, ಅಂದಿತು. ಸತ್ತವರ ಕಡೆಯಿಂದ ನೋಡಿದರೆ ಈ ಮಾತು ನ್ಯಾಯವೇ. ನಮ್ಮ ಮನೆಯ ಮಗುವೇ ಹಾಗೆ ಹೋಗಿದ್ದರೆ ನಾವೂ ಇದನ್ನೇ ಕೇಳುತ್ತಿದ್ದೆವು. ಆದರೆ ಮಾರಿ ಕೈ ತೊಳೆದುಕೊಂಡೆ ಎಂದು ತಿಳಿದ ರೈತನ ಗತಿ ಏನು?

ಅವನ ಗತಿ ಹೀಗಾಗುತ್ತದೆ. ಅಪಘಾತ ಪರಿಹಾರದ ನ್ಯಾಯಮಂಡಳಿ ಇಂತಿಷ್ಟು ಕೊಡು ಅಂತ ಆದೇಶ ಮಾಡಿ, ಕೊಡದೆ ಹೋದರೆ, ಅದೇ ಕಾಯ್ದೆಯ 174ನೇ ಕಲಮಿನ ಪ್ರಕಾರ ಜಿಲ್ಲಾಧಿಕಾರಿಗೆ ಸರ್ಟಿಫಿಕೇಟು ಹೋಗುತ್ತದೆ. ಜಿಲ್ಲಾಧಿಕಾರಿ ಅದನ್ನು ಭೂ ಕಂದಾಯದ ಬಾಕಿಯಂತೆ ವಸೂಲು ಮಾಡಬಹುದು. ಭೂ ಕಂದಾಯದ ಬಾಕಿ ಎಂದರೇನು ಅಂತ ಹೊಲ ಇದ್ದವನಿಗೆ ಬಿಡಿಸಿ ಹೇಳಬೇಕೇ? ಕೊಂಡುಕೊಂಡವನಿಗೆ ಹೊಲ ಇಲ್ಲದಿರಬಹುದು, ಅವನು ಊರು ಬಿಟ್ಟಿರಬಹುದು. ಮಾರಿದವನ ಪಹಣಿ ಮಾತ್ರ ತಹಶೀಲ್ದಾರ ಕಚೇರಿಯಲ್ಲಿ ಕೂತಿರುತ್ತದೆ. ಎಲ್ಲಿಗೂ ಓಡಿ ಹೋಗದವನು ನಮ್ಮ ನಾಡಿನಲ್ಲಿ ಒಕ್ಕಲಿಗನೊಬ್ಬನೇ!

ನಮ್ಮ ಭಾಗದಲ್ಲಿ ಈ ಅಪಾಯ ಹೆಚ್ಚು. ಹಳೇ ಟ್ರ್ಯಾಕ್ಟರ್ ಕೊಂಡವರೆಲ್ಲ ಹೊಲ ಹೊಡೆಯಲು ಕೊಳ್ಳುವುದಿಲ್ಲ. ಶಹಾಬಾದಿನ ಫರಸಿ ಕಲ್ಲು ಹೊರಲು ಕೊಳ್ಳುತ್ತಾರೆ, ವಾಡಿ ಸುತ್ತ ಮುರುಮು ಇಟ್ಟಂಗಿ ಸಾಗಿಸಲು ಕೊಳ್ಳುತ್ತಾರೆ, ಕಾಗಿಣಾ ದಂಡೆಯ ಮರಳಿಗೆ ರಾತ್ರಿ ಇಳಿಸುವವರೂ ಇದ್ದಾರೆ. ಮರಳಿನ ಗಾಡಿ ಸಿಕ್ಕಿಬಿದ್ದರೆ ಪೊಲೀಸರು ಮೊದಲು ನೋಡುವುದು ನಂಬರ್ ಪ್ಲೇಟು. ನಂಬರು ಹೇಳುವುದು ನಿಮ್ಮ ಹೆಸರು. ಇನ್ಷೂರೆನ್ಸಿನದೂ ಇದೇ ಪಾಡು. ಒಕ್ಕಲುತನಕ್ಕೆಂದು ಮಾಡಿಸಿದ ಪಾಲಿಸಿ ಇಟ್ಟುಕೊಂಡು ಬಾಡಿಗೆಗೆ ಕಲ್ಲು ಹೊತ್ತರೆ, ಡ್ರೈವರನಿಗೆ ಲೈಸೆನ್ಸ್ ಇಲ್ಲದಿದ್ದರೆ, ಕಂಪನಿ ತಕರಾರು ತೆಗೆಯುತ್ತದೆ. ಮೊದಲು ಕಂಪನಿಯೇ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಕೋರ್ಟು ಹೇಳುವುದುಂಟು. ಆ ಮಾಲೀಕ ಯಾರು? ಮತ್ತೆ ನೀವೇ.

ಹಾಗಾದರೆ ಮಾಡಬೇಕಾದ್ದೇನು? ಕಾಯ್ದೆಯ 50ನೇ ಕಲಮು ಓದಿದರೆ ಕೆಲಸ ಅಷ್ಟೇನೂ ದೊಡ್ಡದಲ್ಲ. ಮಾರಿದವನು 14 ದಿನದೊಳಗೆ ಫಾರಂ 29 ತುಂಬಿ ಆರ್.ಟಿ.ಓ. ಕಚೇರಿಗೆ ತಿಳಿಸಬೇಕು. ಕೊಂಡವನು 30 ದಿನದೊಳಗೆ ಫಾರಂ 30 ತುಂಬಿ, ಫೀಸು ಕಟ್ಟಿ, ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಆರ್.ಸಿ., ಚಾಲ್ತಿ ಇನ್ಷೂರೆನ್ಸ್, ಇಬ್ಬರ ಗುರುತಿನ ಕಾಗದ, ಕೊಂಡವನ ವಿಳಾಸದ ಪುರಾವೆ ಬೇಕು. ಕೊಂಡವನು 14 ದಿನದೊಳಗೆ ಇನ್ಷೂರೆನ್ಸ್ ಕಂಪನಿಗೂ ತಿಳಿಸಿ ಪಾಲಿಸಿ ತನ್ನ ಹೆಸರಿಗೆ ಹಚ್ಚಿಸಿಕೊಳ್ಳಬೇಕು. ಟ್ರಾಲಿಗೆ ಬೇರೆ ನಂಬರು, ಬೇರೆ ಆರ್.ಸಿ. ಇರುವುದರಿಂದ ಅದಕ್ಕೆ ಬೇರೆ ಫಾರಂ ಆಗಬೇಕು. ಇಂಜಿನ್ನಿನ ಹೆಸರು ಬದಲು ಮಾಡಿಸಿ ಟ್ರಾಲಿ ಮರೆತವರು ಬಹಳ ಮಂದಿ. ರಸ್ತೆಯಲ್ಲಿ ಜನ ಸಿಕ್ಕಿಬೀಳುವುದು ಹೆಚ್ಚಾಗಿ ಟ್ರಾಲಿಯ ಗಾಲಿಗೇ ಅನ್ನುವುದನ್ನು ನೆನಪಿಡಿ.

ನಮ್ಮವರು ಮಾಡುವುದೇನು? ಖಾಲಿ ಫಾರಂ 29, 30ಕ್ಕೆ ಸೈ ಹಾಕಿ ದಲಾಲನ ಕೈಗೆ ಕೊಟ್ಟು ಬರುತ್ತಾರೆ. ತಾರೀಖಿಲ್ಲ, ಕೊಂಡವನ ಹೆಸರಿಲ್ಲ. ದಲಾಲ ಅದನ್ನು ಜೇಬಿನಲ್ಲಿಟ್ಟುಕೊಂಡು ಗಿರಾಕಿ ಸಿಗುವ ತನಕ ಗಾಡಿ ಓಡಿಸುತ್ತಾನೆ, ಸಿಕ್ಕ ಮೇಲೆ ಆ ಖಾಲಿ ಫಾರಮನ್ನೇ ಮುಂದಿನವನಿಗೆ ದಾಟಿಸುತ್ತಾನೆ. ತನ್ನ ಹೆಸರಿಗೆ ಒಂದು ಸಲ, ಗಿರಾಕಿಯ ಹೆಸರಿಗೆ ಒಂದು ಸಲ ಫೀಸು ಕಟ್ಟುವುದು ಯಾಕೆ ಅನ್ನುವುದು ಅವನ ಲೆಕ್ಕ. ಅವನ ಉಳಿತಾಯಕ್ಕೆ ಜಾಮೀನು ನಿಂತವರು ನೀವು. ಹಳೇ ಗಾಡಿ ವ್ಯಾಪಾರದವರು ಆರ್.ಟಿ.ಓ. ಹತ್ತಿರ ಅಧಿಕಾರಪತ್ರ ಪಡೆಯಬೇಕು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಬಂದಿದೆ. ಅಂಥ ವ್ಯಾಪಾರಿಗೆ ಗಾಡಿ ಒಪ್ಪಿಸಿ ಫಾರಂ 29ಸಿ ಕೊಟ್ಟರೆ, ಅಲ್ಲಿಂದ ಮುಂದೆ ಆ ವ್ಯಾಪಾರಿಯೇ ಮಾಲೀಕನೆಂದು ಲೆಕ್ಕ. ಒಳ್ಳೆಯ ನಿಯಮ. ಆದರೆ ಸಂತೆಯಲ್ಲಿ ಮೋಟಾರ್ ಸೈಕಲ್ ಮೇಲೆ ಕೂತು ಟ್ರ್ಯಾಕ್ಟರ್ ವ್ಯಾಪಾರ ಮಾಡುವ ನಮ್ಮ ದಲಾಲರ ಹತ್ತಿರ ಅಧಿಕಾರಪತ್ರ ಇದೆಯೇ ಅಂತ ಎಷ್ಟು ಮಂದಿ ಕೇಳಿದ್ದೀರಿ?

ಇನ್ನು ಬ್ಯಾಂಕಿನ ಗಂಟು. ಸಾಲದ ಟ್ರ್ಯಾಕ್ಟರ್ ಆದರೆ ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರು ಕೂತಿರುತ್ತದೆ, ನಮ್ಮ ಮಾತಿನಲ್ಲಿ ಎಚ್.ಪಿ. ಸಾಲ ತೀರಿದ ಮೇಲೆ ಬ್ಯಾಂಕಿನಿಂದ ಬಾಕಿ ಇಲ್ಲವೆಂಬ ಪತ್ರ, ಬ್ಯಾಂಕು ಮತ್ತು ರೈತ ಇಬ್ಬರೂ ಸೈ ಮಾಡಿದ ಫಾರಂ 35 ತೆಗೆದುಕೊಂಡು ಹೋಗಿ ಅದನ್ನು ತೆಗೆಸಬೇಕು. ತೆಗೆಸದ ತನಕ ಹೆಸರು ವರ್ಗ ಆಗುವುದಿಲ್ಲ. ಹತ್ತು ವರ್ಷದ ಹಿಂದೆ ಸಾಲ ತೀರಿಸಿ, ತೀರಿತಲ್ಲ ಅಂತ ಸುಮ್ಮನೆ ಕೂತವರು ಈಗ ಪೇಚಾಡುತ್ತಿದ್ದಾರೆ. ಯಾಕೆಂದರೆ ಆರ್.ಸಿ.ಯಲ್ಲಿರುವ ಬ್ಯಾಂಕೇ ಈಗ ಇಲ್ಲ! ಕಲಬುರಗಿಯಲ್ಲಿ 1978ರಲ್ಲಿ ಹುಟ್ಟಿದ ಕೃಷ್ಣಾ ಗ್ರಾಮೀಣ ಬ್ಯಾಂಕ್ 2013ರಲ್ಲಿ ಪ್ರಗತಿ ಕೃಷ್ಣಾ ಆಯಿತು, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು, 2025ರ ಮೇ 1ರಂದು ವಿಕಾಸ ಗ್ರಾಮೀಣ ಬ್ಯಾಂಕಿನ ಜೊತೆ ಮತ್ತೆ ಕೂಡಿತು. ನಿಜಾಮರ ಕಾಲದಿಂದ ಬಂದ ಹೈದರಾಬಾದ್ ಬ್ಯಾಂಕ್ 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕಿನಲ್ಲಿ ಮುಳುಗಿತು. ಬ್ಯಾಂಕುಗಳು ಬೋರ್ಡು ಬದಲಿಸುತ್ತ ಹೋದವು, ರೈತನ ಆರ್.ಸಿ. ಬದಲಾಗಲಿಲ್ಲ. ಹಳೇ ಬ್ಯಾಂಕಿನ ಸಾಲ ವಸೂಲಿ ಮಾಡುವಾಗ ಹೊಸ ಬ್ಯಾಂಕಿಗೆ ಹಳೇ ಖಾತೆ ಸರಿಯಾಗಿ ಸಿಗುತ್ತದೆ. ಬಾಕಿ ಇಲ್ಲವೆಂಬ ಪತ್ರ ಕೇಳಿದಾಗ ಮಾತ್ರ ಹಳೇ ಲೆಡ್ಜರು ಹುಡುಕಬೇಕಂತೆ. ನಮ್ಮ ಮಾತು ಇಷ್ಟೇ: ಕೊನೆಯ ಕಂತು ಕಟ್ಟಿದ ದಿನವೇ ಫಾರಂ 35 ಕೇಳಿ ತಗೊಳ್ಳಿ. ಹೊಲ ಅಡವಿಟ್ಟು ಪಿ.ಎಲ್.ಡಿ. ಬ್ಯಾಂಕಿನಿಂದ ತಂದ ಸಾಲವಾದರೆ ಪಹಣಿಯ ಮೇಲಿನ ಬೋಜವನ್ನೂ ಅದೇ ಓಡಾಟದಲ್ಲಿ ಇಳಿಸಿಕೊಳ್ಳಿ.

ಸಾಲ ಇರುವಾಗಲೇ ಮಾರಿ, ಉಳಿದ ಕಂತು ಕೊಂಡವನು ಕಟ್ಟಲಿ ಅಂತ ಬಾಯಿಮಾತಿನ ಕರಾರು ಮಾಡುವವರಿಗೆ ಏನು ಹೇಳೋಣ? ಅವನು ಕಟ್ಟದಿದ್ದರೆ ಗಾಡಿ ಅವನ ಅಂಗಳದಲ್ಲಿ, ನೋಟೀಸು ನಿಮ್ಮ ಬಾಗಿಲಲ್ಲಿ.

ಚಿಂಚೋಳಿ, ಸೇಡಂ ಗಡಿಯವರಿಗೆ ಇನ್ನೊಂದು ತೊಡಕಿದೆ. ತಾಂಡೂರು, ಜಹೀರಾಬಾದ್ ಕಡೆಯವರಿಗೆ ಗಾಡಿ ಮಾರುವುದು ಅವರಿಗೆ ನಿತ್ಯದ ವ್ಯವಹಾರ. ನೆಂಟಸ್ತನ ಅಲ್ಲಿ, ಸಂತೆ ಅಲ್ಲಿ. ಆದರೆ ಅದು ತೆಲಂಗಾಣ, ಬೇರೆ ರಾಜ್ಯ. ಫಾರಂ 28ರಲ್ಲಿ ಅರ್ಜಿ ಕೊಟ್ಟು ಕಲಬುರಗಿಯಿಂದ ಎನ್.ಓ.ಸಿ. ಪಡೆದೇ ಗಾಡಿ ಕಳಿಸಬೇಕು. ಮಾರಿದ 45 ದಿನದೊಳಗೆ ಅದನ್ನು ಕಚೇರಿಗೆ ಮುಟ್ಟಿಸಬೇಕು. ಅರ್ಜಿ ಕೊಟ್ಟ 30 ದಿನದಲ್ಲಿ ಕಚೇರಿ ಹೌದು ಅಲ್ಲ ಏನೂ ಹೇಳದಿದ್ದರೆ ಎನ್.ಓ.ಸಿ. ಕೊಟ್ಟಂತೆಯೇ ಲೆಕ್ಕ ಅಂತ 48ನೇ ಕಲಮು ಹೇಳುತ್ತದೆ. ಅದಕ್ಕೇ ಅರ್ಜಿ ಕೊಟ್ಟ ರಸೀದಿ ಬಿಡಬೇಡಿ. ಕೆ.ಎ. 32 ನಂಬರಿನಲ್ಲೇ ಆಚೆ ವರ್ಷಗಟ್ಟಲೆ ಓಡುತ್ತಿರುವ ಗಾಡಿಗಳ ಹಳೇ ಮಾಲೀಕರು ಈ ಮಾತು ಓದಿಯಾದರೂ ಎದ್ದು ಕೂಡಬೇಕು.

ತಂದೆ ತೀರಿಕೊಂಡ ಮೇಲೆ ಮಕ್ಕಳು ತಂದೆಯ ಹೆಸರಿನ ಗಾಡಿ ಮಾರುವುದೂ ಉಂಟು. ಸತ್ತವರು ಸೈ ಮಾಡುವುದಿಲ್ಲವಲ್ಲ! 30 ದಿನದೊಳಗೆ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31, ಮರಣ ಪತ್ರ, ವಾರಸಾದ ಕಾಗದ ಕೊಟ್ಟು ಮೊದಲು ವಾರಸುದಾರನ ಹೆಸರಿಗೆ ಬರಬೇಕು. ಆಮೇಲೆ ಮಾರಾಟ.

ಇಷ್ಟೆಲ್ಲ ಹೇಳಿದ ಮೇಲೆ ಸರ್ಕಾರಕ್ಕೂ ಒಂದು ಮಾತು. ತಪ್ಪು ರೈತನದೇ ಅಂತ ಬಾಯಿ ಮುಚ್ಚಿಕೊಂಡು ಕೂಡಲು ನಾವು ತಯಾರಿಲ್ಲ. ಎಲ್ಲಾ ಆನ್‌ಲೈನ್ ಆಗಿದೆ ಅನ್ನುತ್ತಾರೆ. ಆನ್‌ಲೈನಿನ ಓ.ಟಿ.ಪಿ. ಹೋಗುವುದು ಗಾಡಿ ಕೊಂಡಾಗ ಬರೆಸಿದ ಮೊಬೈಲಿಗೆ. ಆ ದಿನ ಷೋರೂಮಿನ ಹುಡುಗ ತನ್ನದೇ ನಂಬರು ಬರೆದಿದ್ದರೆ, ಅವನು ಈಗ ಎಲ್ಲಿದ್ದಾನೋ ಶಿವನೇ ಬಲ್ಲ. ಚಿಂಚೋಳಿಯ ತಾಂಡೆಯಿಂದ ಕಲಬುರಗಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೆಲಸ ಹಾಳು, ಕೊಂಡವನನ್ನೂ ಕರಕೊಂಡು ಹೋಗಬೇಕೆಂದರೆ ಇಬ್ಬರ ದಿನ ಹಾಳು. ಈ ಹಾಳಾದ ದಿನವನ್ನೇ ಏಜೆಂಟ್ ಮಾರಿಕೊಳ್ಳುವುದು. ತೊಗರಿ ಆವಕ ಇರುವ ಮೂರು ತಿಂಗಳು ಸೇಡಂ, ಚಿತ್ತಾಪುರ, ಚಿಂಚೋಳಿಯ ಎ.ಪಿ.ಎಂ.ಸಿ. ಅಂಗಳದಲ್ಲಿ ಸಂತೆಯ ದಿನ ಸಾರಿಗೆ ಇಲಾಖೆಯವರು ಕುರ್ಚಿ ಹಾಕಿ ಕೂತು ಫಾರಂ ತಗೊಳ್ಳಲಿ. ಪಕ್ಕದಲ್ಲೇ ಬ್ಯಾಂಕಿನವರು ಕೂತು ಫಾರಂ 35ಕ್ಕೆ ಸೈ ಹಾಕಲಿ. ಸಾಲ ವಸೂಲಿಗೆ ಹಳ್ಳಿಗೆ ಜೀಪು ಬರುತ್ತದೆಯಾದರೆ, ಸಾಲ ತೀರಿದ ಕಾಗದ ಕೊಡಲಿಕ್ಕೂ ಬರಬಹುದು.

ಅದು ಆಗುವ ತನಕ ಮಾರುವವರು ಗಟ್ಟಿಯಾಗಬೇಕು. ಖಾಲಿ ಫಾರಮಿಗೆ ಸೈ ಹಾಕಬೇಡಿ. ಗಾಡಿ ಒಪ್ಪಿಸಿದ ತಾರೀಖು ಮತ್ತು ಹೊತ್ತು ಎರಡನ್ನೂ ಬರೆಸಿ, ಕೊಂಡವನ ಆಧಾರ್ ನಕಲು ಇಟ್ಟುಕೊಳ್ಳಿ. ಹೆಸರು ವರ್ಗ ಆಗುವ ತನಕ ಹತ್ತು ಸಾವಿರವಾದರೂ ನಂಬಿಕಸ್ತ ಮೂರನೆಯವನ ಹತ್ತಿರ ಹಿಡಿದಿಡಿಸಿ, ಕೊಂಡವನು ತಾನೇ ಕಲಬುರಗಿಗೆ ಓಡುತ್ತಾನೆ. ಫಾರಂ 29 ಎರಡು ಪ್ರತಿ ಕೊಡಬೇಕು. ಹೆಸರು ವರ್ಗವಾದ ಮೇಲೆ ಷರಾ ಬರೆದು ಒಂದು ಪ್ರತಿ ಮಾರಿದವನಿಗೆ ವಾಪಸು ಕೊಡಬೇಕೆಂದು ಆ ಫಾರಮಿನ ಮೇಲೇ ಅಚ್ಚಾಗಿದೆ. ಕೇಳಿ ಪಡೆಯಿರಿ, ಪಹಣಿ ಇಟ್ಟ ಪೆಟ್ಟಿಗೆಯಲ್ಲೇ ಇಡಿ. ಹಿಂದೆ ಯಾವತ್ತೋ ಮಾರಿದ ಗಾಡಿ ಇದ್ದರೆ, ಮನೆಯಲ್ಲಿ ಶಾಲೆ ಕಲಿತ ಹುಡುಗರಿಗೆ ಪರಿವಾಹನದಲ್ಲಿ ಅದರ ನಂಬರು ಹಾಕಿ ನೋಡಲು ಹೇಳಿ. ಎರಡು ನಿಮಿಷದ ಕೆಲಸ. ಇನ್ನೂ ನಿಮ್ಮ ಹೆಸರೇ ಕಂಡರೆ ಬರುವ ಸೋಮವಾರವೇ ಕೊಂಡವನ ಮನೆಗೆ ಹೋಗಿ.