ಚಿಕ್ಕ ಲಾರಿ ಮಾಲೀಕರ ಖರ್ಚಿನ ಲೆಕ್ಕ

2025ನೆಯ ಇಸವಿ ಏಪ್ರಿಲ್ 14ರ ಮಧ್ಯರಾತ್ರಿಯಿಂದ ಕರ್ನಾಟಕದ ಲಾರಿ ಮಾಲೀಕರು ಹೂಡಿದ ಮುಷ್ಕರವು ಮೂರು ದಿನಗಳಲ್ಲಿ ಮುಗಿದುಹೋಯಿತು. ಆ ತಿಂಗಳ ಮೊದಲ ದಿನದಿಂದ ರಾಜ್ಯ ಸರಕಾರವು ಡೀಸೆಲಿನ ಮೇಲಿನ ಮಾರಾಟ ತೆರಿಗೆಯನ್ನು ಶೇಕಡಾ 18.44ರಿಂದ 21.17ಕ್ಕೆ ಏರಿಸಿದ್ದೇ ಅದಕ್ಕೆ ತಕ್ಷಣದ ಕಾರಣ. ಲೀಟರಿಗೆ 2 ರೂಪಾಯಿ ಹೆಚ್ಚಿ ಬೆಂಗಳೂರಿನಲ್ಲಿ ದರವು 91 ರೂಪಾಯಿ ಮುಟ್ಟಿತು. 2021ರ ನವೆಂಬರಿಗೆ ಮೊದಲು ಇದೇ ತೆರಿಗೆ ಶೇಕಡಾ 24 ಇತ್ತೆಂದು ಸರಕಾರದ ಪಕ್ಷದವರು ಹೇಳಬಹುದು. 2024ರ ಜೂನಿನಲ್ಲಿ ಶೇಕಡಾ 14.34 ಇದ್ದ ತೆರಿಗೆಯು ಹತ್ತು ತಿಂಗಳೊಳಗೆ ಎರಡು ಸಲ ಏರಿತೆಂದು ಮಾಲೀಕರು ಹೇಳಬಹುದು. ಎರಡೂ ಸತ್ಯವೇ. ಆದರೆ ಈ ವಾಗ್ವಾದದ ಗದ್ದಲದಲ್ಲಿ ಒಂದು ದೊಡ್ಡ ಪ್ರಶ್ನೆಯು ಮರೆಯಾಯಿತೆಂದು ನಮ್ಮ ಅಭಿಪ್ರಾಯ. ಒಂದೆರಡು ಲಾರಿಗಳನ್ನು ಇಟ್ಟುಕೊಂಡು ಕಷ್ಟದಲ್ಲಿ ದಿನ ನೂಕುತ್ತಿರುವ ಮನುಷ್ಯನು ತನ್ನ ಖರ್ಚನ್ನು ನಿಜವಾಗಿ ಎಲ್ಲಿ ಕಡಿಮೆ ಮಾಡಬಲ್ಲನು ಎಂಬದೇ ಆ ಪ್ರಶ್ನೆ.

ಇದು ಬೆರಳೆಣಿಕೆಯ ಜನರ ಸಂಕಟವಲ್ಲ. ನಮ್ಮ ದೇಶದ ಸರಕಿನ ಬಹುಭಾಗವು ರಸ್ತೆಯ ಮೇಲೆಯೇ ಸಾಗುತ್ತದೆ. ಅದನ್ನು ಸಾಗಿಸುವ ಮಾಲೀಕರಲ್ಲಿ ಸುಮಾರು ಮುಕ್ಕಾಲು ಪಾಲು ಜನರ ಬಳಿ ಐದಕ್ಕಿಂತ ಹೆಚ್ಚು ಗಾಡಿಗಳಿಲ್ಲ. ಅನೇಕರು ನಿನ್ನೆಯವರೆಗೆ ಚಾಲಕರಾಗಿದ್ದವರು. ಹೆಂಡತಿಯ ಒಡವೆ, ಒಂದಿಷ್ಟು ಹೊಲ, ಹಣಕಾಸಿನ ಕಂಪನಿಯ ಸಾಲ ಇವುಗಳ ಮೇಲೆ ಗಾಡಿಯನ್ನು ತಂದವರು. ಎರಡು ಕಂತು ತಪ್ಪಿದರೆ ಗಾಡಿಯ ಸಂಗಡ ಮನೆಯ ಮಾನವೂ ಬೀದಿಗೆ ಬರುವದು.

ಇಂಥವನು ಖರ್ಚು ಕಡಿಮೆ ಮಾಡಲು ಹೊರಟಾಗ ಮೊದಲು ಕೈಹಾಕುವದು ಎಲ್ಲಿಗೆ? ಚಾಲಕನ ಬತ್ತಾಕ್ಕೆ, ಅನಂತರ ಎರಡನೆಯ ಚಾಲಕನನ್ನು ಬಿಡುವದಕ್ಕೆ, ಆಮೇಲೆ ಸರ್ವೀಸನ್ನು ಮುಂದೂಡುವದಕ್ಕೆ, ಸವೆದ ಟೈರನ್ನು ಇನ್ನೊಂದು ತಿಂಗಳು ಓಡಿಸುವದಕ್ಕೆ. ಕೊನೆಗೆ ಮಿತಿಮೀರಿ ಲೋಡು ಹೇರುವದಕ್ಕೆ. ಇವೆಲ್ಲ ಉಳಿತಾಯದ ವೇಷ ಹಾಕಿದ ಸಾಲಗಳೇ ಹೊರತು ಬೇರೇನಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ ಎಂಟು ಗಂಟೆಯ ದುಡಿಮೆಯನ್ನೂ ಐದು ಗಂಟೆಗೊಮ್ಮೆ ಅರ್ಧ ಗಂಟೆಯ ವಿಶ್ರಾಂತಿಯನ್ನೂ ಗೊತ್ತುಪಡಿಸಿತು. ಒಬ್ಬನೇ ಚಾಲಕನು ರಾತ್ರಿ ಹಗಲೆನ್ನದೆ ಹುಬ್ಬಳ್ಳಿಯಿಂದ ಚೆನ್ನೈಗೆ ಹೋಗಿಬರುವಾಗ ಆ ಕಾಯಿದೆಯನ್ನು ನೆನೆಯುವವರು ಯಾರು? ಅತಿಭಾರದ ವಿಷಯದಲ್ಲಂತೂ ಮೋಟಾರು ವಾಹನಗಳ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯು 20,000 ರೂಪಾಯಿ ದಂಡವನ್ನೂ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿಯನ್ನೂ ವಿಧಿಸಿತು. ಒಮ್ಮೆ ಸಿಕ್ಕಿಬಿದ್ದರೆ ಹಲವು ಟ್ರಿಪ್ಪುಗಳ ಲಾಭವು ಒಂದೇ ರಶೀದಿಯಲ್ಲಿ ಹೋಗುವದು. ಸಿಕ್ಕಿಬೀಳದಿದ್ದರೂ ಪಟ್ಟಿ, ಆ್ಯಕ್ಸಲ್, ಬ್ರೇಕುಗಳು ತಮ್ಮ ದಂಡವನ್ನು ತಾವೇ ವಸೂಲು ಮಾಡಿಕೊಳ್ಳುತ್ತವೆ.

ಡೀಸೆಲಿನಲ್ಲಿ ಉಳಿತಾಯವು ಸಾಧ್ಯವಿಲ್ಲವೆಂದು ನಾವು ಹೇಳುವದಿಲ್ಲ. ಗಾಳಿಯ ಪ್ರತಿರೋಧವು ವೇಗದ ವರ್ಗದ ಪ್ರಮಾಣದಲ್ಲಿ ಬೆಳೆಯುವದರಿಂದ ಗಂಟೆಗೆ 80 ಕಿಲೋಮೀಟರಿನ ಬದಲು 60ರಲ್ಲಿ ಓಡಿದ ಲಾರಿಯು ಗಣನೀಯವಾಗಿ ಕಡಿಮೆ ಕುಡಿಯುವದು. ವಾರಕ್ಕೊಮ್ಮೆ ಟೈರಿನ ಗಾಳಿಯನ್ನು ಮಾಪಿನಿಂದ ನೋಡುವದು, ಟಾರ್ಪಾಲನ್ನು ಬಿಗಿಯಾಗಿ ಕಟ್ಟುವದು, ನಿಂತಲ್ಲಿ ಎಂಜಿನ್ನನ್ನು ಆರಿಸುವದು, ಮುಂದಿನ ಗಾಲಿಗಳನ್ನು ಬಿಟ್ಟು ಹಿಂದಿನವುಗಳಿಗೆ ರಿಸೋಲ್ ಮಾಡಿಸಿದ ಟೈರನ್ನು ಬಳಸುವದು, ಉಳಿಸಿದ ಡೀಸೆಲಿನಲ್ಲಿ ಚಾಲಕನಿಗೂ ಪಾಲು ಕೊಡುವದು ಇವು ತಿಳಿದವರು ಈಗಾಗಲೇ ಮಾಡುತ್ತಿರುವ ಕೆಲಸಗಳು. ಆದರೆ ಇವುಗಳ ತೂಕವೆಷ್ಟೆಂಬದನ್ನು ಲೆಕ್ಕ ಹಾಕಿ ನೋಡಬೇಕು.

ಒಂದು ಹತ್ತುಗಾಲಿಯ ಲಾರಿಯು ಲೀಟರಿಗೆ 4 ಕಿಲೋಮೀಟರು ಓಡುತ್ತದೆಂದಿಟ್ಟುಕೊಳ್ಳೋಣ. 91 ರೂಪಾಯಿಯ ದರದಲ್ಲಿ ಕಿಲೋಮೀಟರಿಗೆ ಡೀಸೆಲಿನ ಖರ್ಚು 22 ರೂಪಾಯಿ 75 ಪೈಸೆ. ಬಹಳ ಜಾಗ್ರತೆಯಿಂದ ಓಡಿಸಿ ಅದನ್ನು 4.4ಕ್ಕೆ ಏರಿಸಿದರೆ ಕಿಲೋಮೀಟರಿಗೆ ಉಳಿಯುವದು ಸುಮಾರು 2 ರೂಪಾಯಿ. ಈಗ ಇನ್ನೊಂದು ಕಡೆ ನೋಡಿರಿ. ಕಂತು, ವಿಮೆ, ತೆರಿಗೆ, ಪರ್ಮಿಟ್ಟು, ಎಫ್.ಸಿ., ಸಂಬಳ ಇವು ಲಾರಿ ಓಡಿದರೂ ನಿಂತರೂ ತಪ್ಪದ ಖರ್ಚುಗಳು. ಅವು ತಿಂಗಳಿಗೆ 90,000 ರೂಪಾಯಿ ಎಂದು ಹಿಡಿಯೋಣ. ಲಾರಿಯು ತಿಂಗಳಿಗೆ 6,000 ಕಿಲೋಮೀಟರು ಓಡಿದರೆ ಈ ಹೊರೆಯು ಕಿಲೋಮೀಟರಿಗೆ 15 ರೂಪಾಯಿ ಬೀಳುವದು. 9,000 ಓಡಿದರೆ 10 ರೂಪಾಯಿ. ಇಲ್ಲಿಯ ಅಂತರ 5 ರೂಪಾಯಿ! ಡೀಸೆಲಿನ ಮೇಲೆ ಕಣ್ಣಿಟ್ಟು ಕುಳಿತ ಮಾಲೀಕನು ಎರಡು ರೂಪಾಯಿಗಾಗಿ ಹೆಣಗುತ್ತಿರುವಾಗ ಅವನ ಬೆನ್ನ ಹಿಂದೆ ಐದು ರೂಪಾಯಿ ಸೋರಿಹೋಗುತ್ತಿರುವದು. ಅಂಕಿಗಳು ಊರಿನಿಂದ ಊರಿಗೆ, ಗಾಡಿಯಿಂದ ಗಾಡಿಗೆ ಬದಲಾದಾವು. ಆದರೆ ಚಿಕ್ಕ ಮಾಲೀಕನ ಅತ್ಯಂತ ದೊಡ್ಡ ಖರ್ಚು ನಿಂತ ಲಾರಿಯೇ ಎಂಬ ಮಾತು ಬದಲಾಗಲಾರದು.

ಲಾರಿಯು ಏತಕ್ಕೆ ನಿಲ್ಲುತ್ತದೆ? ಕೆಟ್ಟು ನಿಲ್ಲುವದು ಕಡಿಮೆ; ಕಾದು ನಿಲ್ಲುವದೇ ಹೆಚ್ಚು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆಯು ಬಂದಾಗ ತೆರಿಗೆಯ ತನಿಖಾ ಠಾಣೆಗಳು ತೆಗೆಯಲ್ಪಟ್ಟವು. 2018ರ ಏಪ್ರಿಲಿನಲ್ಲಿ ಇ-ವೇ ಬಿಲ್ಲು ಬಂದಿತು, ರಾಜ್ಯದೊಳಗಿನ ಸಾಗಾಟಕ್ಕೆ ಅದನ್ನು ಜಾರಿಗೊಳಿಸಿದವರಲ್ಲಿ ಕರ್ನಾಟಕವೇ ಮೊದಲಿನದು. 2021ರ ಫೆಬ್ರುವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾಯಿತು. ಇವುಗಳಿಂದ ರಸ್ತೆಯ ಮೇಲಿನ ಹೊತ್ತು ಉಳಿಯಿತೆಂಬದನ್ನು ಒಪ್ಪಲೇಬೇಕು. ಆದರೆ ಹೆದ್ದಾರಿಯಲ್ಲಿ ಉಳಿದ ಗಂಟೆಯನ್ನು ಗಿರಣಿಯ ಬಾಗಿಲು ನುಂಗಿಬಿಟ್ಟಿತು. ಬೆಳಿಗ್ಗೆ ಆರಕ್ಕೆ ಬಂದ ಲಾರಿಯನ್ನು ಮಧ್ಯಾಹ್ನ ಒಳಗೆ ಬಿಟ್ಟು, ಹಮಾಲರಿಲ್ಲವೆಂದು ಮರುದಿನ ಖಾಲಿ ಮಾಡಿಸಿ, ಹಾಲ್ಟಿಂಗ್ ಹಣವನ್ನು ಕೇಳಿದರೆ ಮುಂದಿನ ಲೋಡೇ ಇಲ್ಲವೆನ್ನುವ ವ್ಯಾಪಾರಸ್ಥರು ನಮ್ಮಲ್ಲಿ ಕಡಿಮೆಯೆ? ತಮ್ಮ ಗೋದಾಮಿನ ಬಾಡಿಗೆಯನ್ನು ಇವರು ಪರರ ಲಾರಿಯಿಂದ ಉಳಿಸಿಕೊಳ್ಳುವರೆಂದರೆ ಅತ್ಯುಕ್ತಿಯಾಗದು.

ಹೋಗುವ ಲೋಡಿಗಿಂತ ಬರುವ ಲೋಡು ಇನ್ನೂ ಕಠಿಣವಾದ ಪ್ರಶ್ನೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಸುಮಾರು 410 ಕಿಲೋಮೀಟರು. ಖಾಲಿ ಗಾಡಿಯು ಲೀಟರಿಗೆ ಐದೂವರೆ ಕಿಲೋಮೀಟರು ಓಡಿದರೂ ಮರಳಿ ಬರುವಾಗ 6,800 ರೂಪಾಯಿಯ ಡೀಸೆಲು ಸುಡುವದು; ಟೋಲು ಬೇರೆ. ಆದುದರಿಂದ ಬ್ರೋಕರನು ಹೇಳಿದ ಯಾವ ಬಾಡಿಗೆಗಾದರೂ ತಲೆಯಾಡಿಸಿ ಬರುವದು ಒಬ್ಬೊಬ್ಬನ ಪಾಲಿಗೆ ಜಾಣತನವಾಗಿ ಕಾಣುತ್ತದೆ. ಎಲ್ಲರೂ ಹಾಗೆ ತಲೆಯಾಡಿಸಿದಾಗ ಆ ಮಾರ್ಗದ ದರವೇ ಕುಸಿದು ನಾಳೆ ಹೋಗುವ ಲೋಡಿಗೂ ಅದೇ ದರವು ಬರುವದು. 2018ರ ಜುಲೈಯಲ್ಲಿ ಕೇಂದ್ರ ಸರಕಾರವು ಮೂರು ಆ್ಯಕ್ಸಲಿನ ಲಾರಿಯ ಒಟ್ಟು ತೂಕದ ಮಿತಿಯನ್ನು 25 ಟನ್ನಿನಿಂದ 28.5 ಟನ್ನಿಗೆ ಏರಿಸಿದಾಗಲೂ ಇದೇ ಕಷ್ಟವೊದಗಿತು. ಹೊರುವ ಶಕ್ತಿಯು ಒಂದೇ ಆಜ್ಞೆಯಿಂದ ಹೆಚ್ಚಿತು, ಹೊರತಕ್ಕ ಸರಕು ಮಾತ್ರ ಅಷ್ಟು ಬೇಗ ಹೆಚ್ಚಲಿಲ್ಲ.

ಒಂದೇ ಸರಕನ್ನು ನಂಬಿದವರ ಗತಿಯನ್ನು ಬಳ್ಳಾರಿಯ ಜನರು ಕಣ್ಣಾರೆ ಕಂಡವರು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯಲ್ಲಿ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ಅದನ್ನು ವಿಸ್ತರಿಸಿತು. ನೆಲವನ್ನು ಲೂಟಿ ಮಾಡಿದವರಿಗೆ ತಕ್ಕದ್ದೇ ಆಯಿತು. ಆದರೆ ಹೊಸಪೇಟೆ, ಸಂಡೂರುಗಳ ಬದಿಯಲ್ಲಿ ಸಾಲುಗಟ್ಟಿ ನಿಂತ ಲಾರಿಗಳ ಕಂತುಗಳನ್ನು ನಿಲ್ಲಿಸುವ ತೀರ್ಪನ್ನು ಯಾರೂ ಕೊಡಲಿಲ್ಲ.

ಇನ್ನು ಬಾಡಿಗೆಯ ಹಣದ ಮಾತು. ಚಿಕ್ಕ ಮಾಲೀಕನು ಡೀಸೆಲಿಗೆ ಇಂದೇ ಕೊಡಬೇಕು. ಅವನಿಗೆ ಬಾಡಿಗೆಯು ಬರುವದು ಎರಡು ತಿಂಗಳಿಗೋ ಮೂರು ತಿಂಗಳಿಗೋ. ಎರಡು ಲಕ್ಷ ರೂಪಾಯಿ ಬಾಕಿಯು ಮೂರು ತಿಂಗಳು ನಿಂತು, ಆ ಕೊರತೆಯನ್ನು ತಿಂಗಳಿಗೆ ನೂರಕ್ಕೆ ಎರಡರ ಕೈಗಡದಿಂದ ತುಂಬಿದರೆ ಬಡ್ಡಿಯೇ 12,000 ರೂಪಾಯಿ. ಮೇಲಿನ ಲೆಕ್ಕದಂತೆ ಒಂದು ತಿಂಗಳೆಲ್ಲ ಮೈಯೆಲ್ಲ ಕಣ್ಣಾಗಿ ಓಡಿಸಿ ಉಳಿಸಿದ ಡೀಸೆಲಿನ ಬೆಲೆಯೂ ಹೆಚ್ಚುಕಡಿಮೆ ಅಷ್ಟೇ. 2006ರ ಸಣ್ಣ ಉದ್ಯಮಗಳ ಕಾಯಿದೆಯು ಹಣವನ್ನು ಹೆಚ್ಚೆಂದರೆ 45 ದಿನಗಳಲ್ಲಿ ಕೊಡತಕ್ಕದ್ದೆಂದೂ ತಡವಾದರೆ ಬ್ಯಾಂಕ್ ದರದ ಮೂರುಪಟ್ಟು ಚಕ್ರಬಡ್ಡಿ ಸಲ್ಲತಕ್ಕದ್ದೆಂದೂ ವಿಧಿಸಿತು. 2024ರ ಏಪ್ರಿಲಿನಿಂದ ಅನ್ವಯವಾದ ಆದಾಯ ತೆರಿಗೆಯ ನಿಯಮದಂತೆ, ಅವಧಿಯೊಳಗೆ ಕೊಡದ ಬಾಕಿಯನ್ನು ಆ ವರ್ಷದ ಖರ್ಚೆಂದು ತೋರಿಸಲು ಕೊಳ್ಳುವವನಿಗೆ ಅವಕಾಶವಿಲ್ಲದಾಯಿತು. ಉದ್ಯಮ್ ನೋಂದಣಿಯಿದ್ದವರಿಗೆ ಈ ಆಯುಧವು ಕೈಯಲ್ಲಿಯೇ ಇರುವದು. ಒಬ್ಬನೇ ಅದನ್ನು ಎತ್ತಿದರೆ ಮಾತ್ರ ಮರುದಿನ ಅವನಿಗೆ ಲೋಡು ಸಿಕ್ಕಲಿಕ್ಕಿಲ್ಲ.

ಇಷ್ಟನ್ನು ವಿಚಾರಿಸಿದ ಮೇಲೆ ಒಂದು ಸಂಗತಿಯು ಸ್ಪಷ್ಟವಾಗುವದು. ಟೈರು, ವೇಗ, ಲೆಕ್ಕದ ಪುಸ್ತಕ ಇವು ಒಬ್ಬನ ಕೈಯಲ್ಲಿರುವವು. ದೊಡ್ಡ ಸೋರಿಕೆಗಳಾದ ಕಾಯುವಿಕೆ, ಖಾಲಿ ಓಟ, ಬಾಕಿ ಇವು ಹಲವರು ಕೂಡದೆ ನಿಲ್ಲತಕ್ಕವಲ್ಲ. 1976ರಲ್ಲಿ ಗದಗಿನಲ್ಲಿ ಶ್ರೀ ವಿಜಯ ಸಂಕೇಶ್ವರರು ಒಂದೇ ಲಾರಿಯಿಂದ ತೊಡಗಿದ ಉದ್ಯಮವು ದೇಶದ ದೊಡ್ಡ ಸಾಗಾಟ ಸಂಸ್ಥೆಗಳಲ್ಲೊಂದಾಗಿ ಬೆಳೆದಿತು. ಅಂಥ ಸಂಸ್ಥೆಯು ಡೀಸೆಲನ್ನು ಸಗಟಾಗಿ ಕೊಳ್ಳುತ್ತದೆ, ರಿಪೇರಿಯನ್ನು ತನ್ನ ಕಾರ್ಖಾನೆಯಲ್ಲಿಯೇ ಮಾಡಿಕೊಳ್ಳುತ್ತದೆ, ಊರೂರಿನ ಶಾಖೆಗಳಿಂದ ಮರುಲೋಡನ್ನು ಒದಗಿಸಿಕೊಳ್ಳುತ್ತದೆ. ಇಪ್ಪತ್ತು ಜನ ಚಿಕ್ಕ ಮಾಲೀಕರು ಕೂಡಿ ಇದರಲ್ಲಿ ಅರ್ಧವನ್ನಾದರೂ ಮಾಡಲಾರರೆ? ಅದೇ ಗದಗಿನ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರಿ ಸಂಘವನ್ನು ಕಟ್ಟಿದ್ದರು.

ಸಹಕಾರವೆಂಬ ಹೆಸರೊಂದೇ ಕಾಪಾಡುವದೆಂಬ ಭ್ರಮೆ ನಮಗಿಲ್ಲ. ಕೊಪ್ಪದಲ್ಲಿ 1991ರಲ್ಲಿ, ಮುಚ್ಚಿದ ಬಸ್ ಕಂಪನಿಯ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆಯು ಮಲೆನಾಡಿನ ಹೆಮ್ಮೆಯಾಗಿ ಸುಮಾರು ಮೂರು ದಶಕ ನಡೆದು, ಖರ್ಚು ಏರಿ ಆದಾಯವು ಸಾಲದೆ 2020ರಲ್ಲಿ ನಿಂತುಹೋಯಿತು. ಅವರ ನಿಷ್ಠೆಯಲ್ಲಿ ಕೊರತೆಯಿರಲಿಲ್ಲ. ಆದುದರಿಂದ ಲಾರಿಗಳನ್ನೇ ಒಟ್ಟುಗೂಡಿಸಿ ದೊಡ್ಡ ಕಂಪನಿಯೊಂದನ್ನು ಮಾಡಬೇಕೆಂದು ನಾವು ಹೇಳುವದಿಲ್ಲ. ಗಾಡಿಯು ಅವನವನದೇ ಇರಲಿ. ಟೈರು ಮತ್ತು ವಿಮೆಯ ಖರೀದಿ, ಬೆಂಗಳೂರಿನಲ್ಲೊಂದು ಮಂಗಳೂರಿನಲ್ಲೊಂದು ಮರುಲೋಡಿನ ಆಫೀಸು, ಬಾಕಿ ವಸೂಲಿಗೆ ಒಬ್ಬ ಗುಮಾಸ್ತ, ಇಷ್ಟು ಮಾತ್ರ ಜಂಟಿಯಾಗಲಿ. ಇದಕ್ಕೆ ಬೇಕಾದ ಬಂಡವಾಳವು ಒಂದು ಹಳೆಯ ಲಾರಿಯ ಬೆಲೆಯಷ್ಟೂ ಆಗಲಿಕ್ಕಿಲ್ಲ.

ಸರಕಾರದವರ ಪಾಲಿನದನ್ನೂ ಹೇಳಬೇಕು. 2025ರ ಸೆಪ್ಟೆಂಬರ್ 22ರಿಂದ ಲಾರಿ ಮತ್ತು ಟೈರುಗಳ ಮೇಲಿನ ತೆರಿಗೆಯು ಶೇಕಡಾ 28ರಿಂದ 18ಕ್ಕೂ, ಸರಕು ವಾಹನಗಳ ಮೂರನೆಯವರ ವಿಮೆಯ ಮೇಲಿನದು 12ರಿಂದ 5ಕ್ಕೂ ಇಳಿದದ್ದು ಸ್ವಾಗತಾರ್ಹ. ಆದರೆ ಹೊಸ ಲಾರಿ ಕೊಳ್ಳುವವನಿಗೆ ಆದಷ್ಟು ಉಪಕಾರವು ಹಳೆಯದನ್ನು ಎಳೆಯುತ್ತಿರುವವನಿಗೆ ಆಗಲಿಲ್ಲ. ಡೀಸೆಲಿನ ತೆರಿಗೆಯನ್ನು ಇಳಿಸಲು ಬೊಕ್ಕಸವು ಒಪ್ಪದಿದ್ದರೆ, ಬೊಕ್ಕಸಕ್ಕೆ ಕಾಸೂ ತಗಲದ ಒಂದು ಕೆಲಸವಿರುವದು. ಲಾರಿಯು ಬಾಗಿಲಿಗೆ ಬಂದ ಗಂಟೆಯನ್ನೂ ಹೊರಬಿದ್ದ ಗಂಟೆಯನ್ನೂ ಬರೆದು ಸಹಿ ಮಾಡಿದ ಚೀಟಿಯನ್ನು ಚಾಲಕನಿಗೆ ಕೊಡತಕ್ಕದ್ದೆಂದೂ, ಗೊತ್ತಾದ ಹೊತ್ತು ಮೀರಿದರೆ ಹಾಲ್ಟಿಂಗ್ ಹಣವು ಬಾಡಿಗೆಯ ಸಂಗಡವೇ ಸಲ್ಲತಕ್ಕದ್ದೆಂದೂ ಕರಾರಿನಲ್ಲಿ ಬರೆಯಿಸುವದು. ಪಡಿತರದ ಧಾನ್ಯವೂ ಗೊಬ್ಬರವೂ ಇಳಿಯುವ ಸರಕಾರಿ ಗೋದಾಮುಗಳಲ್ಲಿಯೇ ಇದನ್ನು ಮೊದಲು ಆಚರಣೆಗೆ ತಂದರೆ, ಆಮೇಲೆ ಖಾಸಗಿ ಗಿರಣಿಗಳಿಗೆ ಹೇಳಲು ಅಧಿಕಾರಿಗಳಿಗೆ ಬಾಯಿ ಬರುವದು.