ಒಗ್ಗಟ್ಟು ಇದ್ದಲ್ಲೆಲ್ಲ ಶಾಂತಿ ಇರುವುದಿಲ್ಲ

ಹಸಿವಾದರೆ ಹೊಟ್ಟೆಗೆ ಏನಾದರೂ ಸಿಗುತ್ತದೆಯೇ? ಕಷ್ಟ ಬಂದರೆ ಊರಲ್ಲಿ ಯಾರ ಬಾಗಿಲು ತಟ್ಟಬೇಕೆಂದು ಗೊತ್ತಿದೆಯೇ? ಊರವರು ನಿನ್ನನ್ನು ನ್ಯಾಯವಾಗಿ ನಡೆಸಿಕೊಳ್ಳುತ್ತಾರೆಯೇ? ಏಟು ತಿಂದ ಹುಡುಗ ಅಥವಾ ಹುಡುಗಿ ಮತ್ತೆ ಎದ್ದು ನಿಲ್ಲಬಲ್ಲರೇ ಎಂದು ತಿಳಿಯಲು ಹೊರಟವರು ಛಲ, ಧೈರ್ಯ, ಆತ್ಮವಿಶ್ವಾಸದ ಬಗ್ಗೆ ಕೇಳುತ್ತಾರೆಂದು ನಾವು ಅಂದುಕೊಂಡಿರುತ್ತೇವೆ. ಆದರೆ ಕೆನಡಾದ ಸಮಾಜಕಾರ್ಯ ಪ್ರಾಧ್ಯಾಪಕ ಮೈಕೆಲ್ ಉಂಗರ್ ಮತ್ತು ಸಂಗಡಿಗರು ರೂಪಿಸಿದ 28 ಅಂಶಗಳ ಮಾಪಕದಲ್ಲಿ ಛಲದ ಜೊತೆಗೆ ಊಟ, ನೆರೆಹೊರೆ, ನ್ಯಾಯದ ವಿಷಯಗಳೂ ಇವೆ. ಹುಡುಗನನ್ನು ಅಳೆಯುವ ನೆಪದಲ್ಲಿ ಅದು ಅವನ ಊರನ್ನೇ ಅಳೆಯುತ್ತದೆ.

ಉಂಗರ್ ಹ್ಯಾಲಿಫ್ಯಾಕ್ಸ್‌ನ ಡಾಲ್‌ಹೌಸಿ ವಿಶ್ವವಿದ್ಯಾಲಯದವರು. ದಾರಿ ತಪ್ಪಿದವರು ಎಂದು ಶಾಲೆ, ಪೊಲೀಸರು ಹಣೆಪಟ್ಟಿ ಹಚ್ಚಿದ ಹದಿಹರೆಯದವರ ಜೊತೆ ಆಪ್ತಸಮಾಲೋಚಕರಾಗಿ ಕೆಲಸ ಮಾಡುತ್ತಲೇ ಅವರಿಗೊಂದು ಸಂಗತಿ ಹೊಳೆಯಿತು. ಗ್ಯಾಂಗ್ ಸೇರಿದ ಹುಡುಗನಿಗೆ ಅಲ್ಲಿ ರಕ್ಷಣೆಯಿದೆ, ಗೆಳೆಯರಿದ್ದಾರೆ, ನಾಲ್ಕು ಜನರ ನಡುವೆ ಒಂದು ಸ್ಥಾನವಿದೆ. ಮನೆ, ಶಾಲೆಗಳಲ್ಲಿ ಸಿಗದ್ದನ್ನು ಅವನು ಸಿಗುವಲ್ಲಿ ಹುಡುಕಿಕೊಂಡಿದ್ದಾನೆ. ಇದನ್ನು ಅವರು ಅಡಗಿದ ಚೇತರಿಕೆಶಕ್ತಿ ಎಂದು ಕರೆದರು. ಗ್ಯಾಂಗನ್ನು ಬಿಡಿಸಬೇಕಾದರೆ ಅದು ಕೊಟ್ಟಷ್ಟನ್ನಾದರೂ ಕೊಡುವ ಇನ್ನೊಂದು ಜಾಗ ತೋರಿಸಿ ಎಂಬುದು ಅವರ ವಾದ. ಬುದ್ಧಿವಾದದ ಮೇಲೆ ನಂಬಿಕೆ ಇಟ್ಟವರಿಗೆ ಇದು ರುಚಿಸುವ ಮಾತಲ್ಲ.

2002ರಲ್ಲಿ ಶುರುವಾದ ಅವರ ಅಂತರರಾಷ್ಟ್ರೀಯ ಅಧ್ಯಯನ 11 ದೇಶಗಳ 14 ಸಮುದಾಯಗಳನ್ನು ಮುಟ್ಟಿತು. 1,400ಕ್ಕೂ ಹೆಚ್ಚು ಹರೆಯದವರು ಅದರಲ್ಲಿ ಪಾಲ್ಗೊಂಡರು. ಗಾಜಾ ಇತ್ತು, ಟೆಲ್ ಅವೀವ್ ಇತ್ತು, ಕೊಲಂಬಿಯಾದ ಮೆಡೆಲಿನ್ ಇತ್ತು, ಕೆನಡಾದ ‘ಇನ್ನೂ’ ಎಂಬ ಮೂಲನಿವಾಸಿ ಜನರ ಶೇಶಾಟ್ಶಿಯೂ ಇತ್ತು. ಭಾರತದಿಂದ ಇದ್ದದ್ದು ಮಣಿಪುರದ ಇಂಫಾಲ. ಎಲ್ಲ ಕಡೆಯೂ ಮಕ್ಕಳ ಬದುಕು ಏಳು ಸಂಗತಿಗಳ ನಡುವೆ ಜಗ್ಗಾಡುತ್ತಿತ್ತು: ಅನ್ನ, ಬಟ್ಟೆ, ಶಾಲೆಯಂಥ ಸೌಕರ್ಯ, ಸಂಬಂಧಗಳು, ಗುರುತು, ತನ್ನ ಬದುಕಿನ ಮೇಲೆ ತನಗಿರುವ ಹಿಡಿತ, ಸಂಸ್ಕೃತಿಯ ನಂಟು, ಸಾಮಾಜಿಕ ನ್ಯಾಯ ಮತ್ತು ತನಗಿಂತ ದೊಡ್ಡದೊಂದಕ್ಕೆ ಸೇರಿದವನೆಂಬ ಒಗ್ಗಟ್ಟಿನ ಭಾವ. ಎಲ್ಲರಿಗೂ ಹೊಂದುವ ಒಂದೇ ಔಷಧ ಎಲ್ಲೂ ಸಿಗಲಿಲ್ಲ.

ಇದರಿಂದ ಉಂಗರ್ ಕಟ್ಟಿದ ಚೇತರಿಕೆಶಕ್ತಿಯ ವ್ಯಾಖ್ಯೆಗೆ ಎರಡು ಕಾಲು. ಬೇಕಾದ ಸೌಕರ್ಯಗಳ ಕಡೆಗೆ ಜನ ದಾರಿ ಮಾಡಿಕೊಳ್ಳುವುದು ಒಂದು. ಆ ಸೌಕರ್ಯ ತಮಗೆ ಒಗ್ಗುವ ರೂಪದಲ್ಲೇ ಸಿಗುವಂತೆ ಚೌಕಾಸಿ ಮಾಡಲು ಆಗುವುದು ಇನ್ನೊಂದು. ಎರಡನೆಯದರ ಬೆಲೆ ಗೊತ್ತಾಗಬೇಕಾದರೆ ಕೆನಡಾಕ್ಕೆ ಹೋಗಬೇಕಿಲ್ಲ, ಬಾಗಲಕೋಟೆಗೆ ಹೋದರೆ ಸಾಕು. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ದಾನಿಗಳ ನೆರವಿನಿಂದ ‘ಆಸರೆ’ ಮನೆಗಳು ಎದ್ದವು. ಹಲವು ಕಡೆ ಅವು ಖಾಲಿ ಬಿದ್ದವು, ಸುತ್ತ ಜಾಲಿ ಬೆಳೆಯಿತು. ಹೊಲ ದೂರ, ಎತ್ತು ಕಟ್ಟಲು ಜಾಗವಿಲ್ಲ, ಮೇವು ಒಟ್ಟಲು ಹಿತ್ತಿಲಿಲ್ಲ. ಗೋಡೆ, ಚಾವಣಿಯ ಲೆಕ್ಕ ಹಾಕಿದವರು ಒಕ್ಕಲುತನದ ಮನೆಯ ಲೆಕ್ಕ ಕೇಳಿರಲಿಲ್ಲ. 2019ರಲ್ಲಿ ಮಲಪ್ರಭೆ ಮತ್ತೆ ಉಕ್ಕಿದಾಗ ಹಳೆಯ ಊರಲ್ಲೇ ಉಳಿದವರ ಮನೆಗೆ ಮತ್ತೆ ನೀರು ನುಗ್ಗಿತು. ‘ಕೊಟ್ಟ ಮನೆಗೆ ಹೋಗಲಿಲ್ಲವಲ್ಲ’ ಎಂದು ಅವರನ್ನೇ ದೂರುವುದು ಸುಲಭ. ಜನರ ಗಟ್ಟಿತನವನ್ನು ಹೊಗಳುವುದು ಇನ್ನೂ ಸುಲಭ, ಮತ್ತು ಖರ್ಚಿಲ್ಲದ್ದು. ಬಾಂಬ್ ಸ್ಫೋಟದ ಮರುದಿನ ಲೋಕಲ್ ರೈಲು ಹತ್ತಿದವರನ್ನು ‘ಮುಂಬೈ ಸ್ಪಿರಿಟ್’ ಎಂದು ಕೊಂಡಾಡುವ ಪದ್ಧತಿಯೂ ಇದೇ ಜಾತಿಯದು. ಅವರಲ್ಲಿ ಹೆಚ್ಚಿನವರಿಗೆ ಅಂದು ರಜೆ ಹಾಕುವ ಅನುಕೂಲ ಇರಲಿಲ್ಲ.



ಇಷ್ಟರ ಮಟ್ಟಿಗೆ ಉಂಗರ್ ವಾದ ಗಟ್ಟಿಯಾಗಿದೆ. ತೊಡಕು ಶುರುವಾಗುವುದು ಅವರದೇ ಪಟ್ಟಿಯಲ್ಲಿದ್ದ ಇಂಫಾಲದಲ್ಲಿ.

2023ರ ಮೇ 3ರಂದು ಮಣಿಪುರದಲ್ಲಿ ಕಣಿವೆಯ ಮೈತೇಯಿ ಮತ್ತು ಗುಡ್ಡಗಾಡಿನ ಕುಕಿ-ಜೋ ಸಮುದಾಯಗಳ ನಡುವೆ ಕಿಚ್ಚು ಹತ್ತಿತು. ಇನ್ನೂರಕ್ಕೂ ಹೆಚ್ಚು ಜೀವ ಹೋದವು, ಸುಮಾರು 60,000 ಮಂದಿ ಮನೆಮಠ ಬಿಟ್ಟರು. ಒಗ್ಗಟ್ಟಿನ ಮಾಪಕವನ್ನು ಅಂದು ಹಿಡಿದಿದ್ದರೆ ಎರಡೂ ಕಡೆ ಮುಳ್ಳು ತುದಿ ಮುಟ್ಟುತ್ತಿತ್ತು. ಕಣಿವೆಯ ಮೈರಾ ಪೈಬಿ ಮಹಿಳೆಯರನ್ನೇ ನೋಡಿ. ಎಪ್ಪತ್ತರ ದಶಕದಲ್ಲಿ ಹೆಂಡದ ವಿರುದ್ಧ, ಆಮೇಲೆ ಸೇನೆಯ ದೌರ್ಜನ್ಯದ ವಿರುದ್ಧ ರಾತ್ರಿಯೆಲ್ಲ ಪಂಜು ಹಿಡಿದು ಬೀದಿ ಕಾದವರು. ಭದ್ರತಾ ಪಡೆಯ ವಶದಲ್ಲಿ ಥಾಂಗ್ಜಾಮ್ ಮನೋರಮಾ ಎಂಬ ಯುವತಿಯ ಹತ್ಯೆಯಾದ ನಂತರ, 2004ರ ಜುಲೈನಲ್ಲಿ, 12 ಮಹಿಳೆಯರು ಕಾಂಗ್ಲಾ ಕೋಟೆಯ ಎದುರು ಬೆತ್ತಲೆ ನಿಂತು ದೇಶವನ್ನೇ ನಡುಗಿಸಿದ್ದರು. ಪುಟಿದೇಳುವ ಸಮುದಾಯಕ್ಕೆ ಪಠ್ಯಪುಸ್ತಕದಲ್ಲಿ ಹಾಕುವಂಥ ಉದಾಹರಣೆ. 2023ರಲ್ಲಿ ಕಣಿವೆಯ ಮಹಿಳಾ ಗುಂಪುಗಳು ಭದ್ರತಾ ಪಡೆಗಳ ವಾಹನ ತಡೆದವು. ಜೂನ್ 24ರಂದು ಇಥಾಮ್ ಗ್ರಾಮದಲ್ಲಿ ಮಹಿಳೆಯರ ಮುಂದಾಳತ್ವದ ಸಾವಿರಕ್ಕೂ ಮಿಕ್ಕಿದ ಗುಂಪು ಸುತ್ತುವರಿದಾಗ ಸೇನೆ ಹಿಡಿದಿದ್ದ 12 ಶಸ್ತ್ರಧಾರಿಗಳನ್ನು ಬಿಡಬೇಕಾಯಿತು. ಗುಡ್ಡದ ಮೇಲೂ ಹಳ್ಳಿಹಳ್ಳಿಯಲ್ಲಿ ಬಂಕರ್ ಕಟ್ಟಿ ಕಾವಲು ಕೂತವರು ಸ್ಥಳೀಯ ಯುವಕರೇ. ಕಾಂಗ್‌ಪೋಕ್ಪಿಯಲ್ಲಿ ಹೆದ್ದಾರಿ ಅಡ್ಡಗಟ್ಟಿದ್ದರಲ್ಲೂ ಹೆಂಗಸರು ಮುಂದಿದ್ದರು. ಗುರುತು, ನಂಟು, ಒಗ್ಗಟ್ಟು, ಯಾವುದಕ್ಕೂ ಎರಡೂ ಕಡೆ ಕೊರತೆ ಇರಲಿಲ್ಲ. ಅವೇ ಜಗಳದ ಸೌದೆಯಾದವು.

ತನ್ನವರ ನಡುವೆ ಗಟ್ಟಿಯಾಗಿರುವುದು ಒಂದು, ಪಕ್ಕದವರೊಂದಿಗೆ ಬಾಳುವುದು ಇನ್ನೊಂದು. ಚೇತರಿಕೆಯ ಸಂಶೋಧನೆ ಮೊದಲನೆಯದನ್ನು ಚೆನ್ನಾಗಿ ಕಂಡಿದೆ, ಎರಡನೆಯದನ್ನು ಕಾಣಲು ಅದರ ಕಣ್ಣಿಗೆ ಇನ್ನಷ್ಟು ಅಭ್ಯಾಸ ಬೇಕು. ಉಂಗರ್ ಪಟ್ಟಿಯಲ್ಲಿ ‘ನ್ಯಾಯ’ ಇದೆ ನಿಜ, ಆದರೆ ಅದು ‘ನನಗೆ ನ್ಯಾಯ ಸಿಗುತ್ತಿದೆಯೇ’ ಎಂದು ಕೇಳುತ್ತದೆ. ‘ಪಕ್ಕದ ಕೇರಿಯವನಿಗೆ ಸಿಗುತ್ತಿದೆಯೇ’ ಎಂದು ಕೇಳುವ ಅಂಶವೂ ಬೇಕಿತ್ತು.

ಈ ಕೊರತೆಯನ್ನು ತುಂಬುವ ಕೆಲಸ ನಮ್ಮಲ್ಲೇ ಆಗಿದೆ, ಆದರೆ ಬೇರೆ ವಿಭಾಗದಲ್ಲಿ. ರಾಜಕೀಯ ವಿಜ್ಞಾನಿ ಅಶುತೋಷ್ ವಾರ್ಷ್ನೇಯ 2002ರ ತಮ್ಮ ಪುಸ್ತಕದಲ್ಲಿ ಅಲಿಗಢ ಹೊತ್ತಿ ಉರಿಯುವಾಗ ಕಲ್ಲಿಕೋಟೆ ಯಾಕೆ ತಣ್ಣಗಿರುತ್ತದೆ ಎಂದು ಕೇಳಿದರು. ಕಲ್ಲಿಕೋಟೆಯ ವರ್ತಕರ ಸಂಘ, ಕಾರ್ಮಿಕ ಸಂಘ, ವಾಚನಾಲಯಗಳಲ್ಲಿ ಹಿಂದೂ, ಮುಸ್ಲಿಮರು ಒಟ್ಟಿಗೆ ಸದಸ್ಯರು. ವದಂತಿ ಎದ್ದರೆ ಕೇಳಿ ತಿಳಿಯಲು ಆ ಕಡೆ ಒಬ್ಬ ಪರಿಚಿತನಿದ್ದಾನೆ, ಜೊತೆಗೆ ಗಲಭೆಯಾದರೆ ಇಬ್ಬರ ಅಂಗಡಿಯೂ ಮುಚ್ಚುತ್ತದೆ. 1984ರಲ್ಲಿ ಭೀಕರ ಗಲಭೆ ಕಂಡ, ಮುಂಬೈ ಹತ್ತಿರದ ಭಿವಂಡಿಯಲ್ಲಿ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ 1988ರಿಂದ ಕಟ್ಟಿದ ಮೊಹಲ್ಲಾ ಸಮಿತಿಗಳು ಇಂಥ ನಂಟನ್ನು ಬೇಕೆಂದೇ ಬೆಸೆದವು. ಮುಂಬೈ ಹೊತ್ತಿ ಉರಿದ 1992–93ರಲ್ಲಿ ಭಿವಂಡಿ ಶಾಂತವಾಗಿತ್ತು.

ನಮ್ಮಲ್ಲೂ ಗಣೇಶ ಚತುರ್ಥಿ, ಈದ್ ಮಿಲಾದ್‌ಗೆ ಮುಂಚೆ ಠಾಣೆಯಲ್ಲಿ ಶಾಂತಿಸಭೆ ಸೇರುತ್ತದೆ. ಪ್ರತಿ ವರ್ಷ ಅದೇ ಮುಖಂಡರು, ಅದೇ ಪ್ಲಾಸ್ಟಿಕ್ ಕುರ್ಚಿ, ಮೆರವಣಿಗೆಯ ದಾರಿ ಮತ್ತು ಡಿಜೆ ಕುರಿತು ಅದೇ ಎಚ್ಚರಿಕೆ, ಚಹಾ, ಮರುದಿನದ ಪತ್ರಿಕೆಗೊಂದು ಫೋಟೊ. ಮುಂದಿನ ಹಬ್ಬದವರೆಗೆ ಆ ಮುಖಂಡರು ಪರಸ್ಪರ ಮುಖ ನೋಡಬೇಕಾದ ಸಂದರ್ಭವೇ ಬರುವುದಿಲ್ಲ. ಕರಾವಳಿಯಲ್ಲಿ ಕೋಮುದ್ವೇಷದ ಕೊಲೆಗಳ ಸರಣಿಯ ಬಳಿಕ ರಾಜ್ಯ ಸರ್ಕಾರ 2025ರಲ್ಲಿ ವಿಶೇಷ ಕಾರ್ಯಪಡೆ ರಚಿಸಿತು. ಪಡೆ ಬೇಕಿತ್ತು, ತಪ್ಪಿಲ್ಲ. ಆದರೆ ಮೀನು ಮಾರುಕಟ್ಟೆ, ಬಸ್ಸು, ಕಾಲೇಜುಗಳಲ್ಲಿ ದಿನವೂ ಭೇಟಿಯಾಗುವ ಜನರ ನಡುವೆ ಏನು ಹರಿದಿದೆ, ಏನು ಉಳಿದಿದೆ ಎಂದು ಕೂತು ಕೇಳುವ ಕೆಲಸಕ್ಕೆ ಪಡೆಯಲ್ಲಿ ಹುದ್ದೆ ಇಲ್ಲ.

ಮಣಿಪುರದಲ್ಲಿ ಆ ಕೆಲಸ ಇನ್ನೂ ಕಷ್ಟದ್ದು. 2023ರ ನಂತರ ಚುರಾಚಾಂದ್‌ಪುರದ ಕುಕಿ ರೋಗಿಗಳಿಗೆ ಸುಮಾರು 60 ಕಿ.ಮೀ. ಆಚೆಯ ಇಂಫಾಲದ ದೊಡ್ಡ ಆಸ್ಪತ್ರೆಗಳ ಬಾಗಿಲು ಮುಚ್ಚಿತು. ವಿಮಾನ ಹತ್ತಬೇಕಾದರೂ ಬೆಟ್ಟದ ದಾರಿಯಲ್ಲಿ ಮಿಜೋರಾಂನ ಐಜ್ವಾಲ್‌ಗೆ ಹೋಗಬೇಕಾಯಿತು. ಪುನರ್ವಸತಿಯೆಂದರೆ ನಿರಾಶ್ರಿತರಿಗೆ ಅವರವರ ಕಡೆಯಲ್ಲೇ ಮನೆ ಕಟ್ಟಿಕೊಡುವುದು ಎಂದಾದರೆ ಎರಡೂ ಸಮುದಾಯ ಚೇತರಿಸಿಕೊಳ್ಳಬಹುದು, ನಡುವಿನ ಗೆರೆ ಮಾತ್ರ ಕಾಯಂ ಆಗುತ್ತದೆ. ಆಸ್ಪತ್ರೆ, ವಿಶ್ವವಿದ್ಯಾಲಯ, ಹೆದ್ದಾರಿ, ಈ ಮೂರು ಮತ್ತೆ ಇಬ್ಬರಿಗೂ ತೆರೆಯಲು ಯಾವ ದಿನಾಂಕ ಇಟ್ಟುಕೊಂಡಿದ್ದೀರಿ ಎಂದು ಮೊದಲು ಕೇಂದ್ರ ಸರ್ಕಾರವನ್ನು ಕೇಳಬೇಕು.